ಹಾಲು ಒಡೆಯದ ಜಾಗ

ವಡಗಾವಿಯ ಆತಿಫ ಒಂದು ಲೋಟ ಚಹಾವನ್ನು ತಳ ಕಾಣುವವರೆಗೆ ಕುಡಿದದ್ದನ್ನು ಕಂಡವರು ಅವನ ಓಣಿಯಲ್ಲಿ ಒಬ್ಬರೂ ಇಲ್ಲ. ಅರ್ಧ ಕುಡಿಯುವಷ್ಟರಲ್ಲಿ ಏನೋ ನೆನಪಾಗಿ ಎದ್ದುಬಿಡುತ್ತಾನೆ. ಉಳಿದರ್ಧ ಕೆನೆಗಟ್ಟಿ ಕೂತಿರುತ್ತದೆ, ಪಕ್ಕದ ಬಸಿಯಲ್ಲಿ ಯಾರದೋ ಲ್ಯಾಪ್‌ಟಾಪಿನ ಸ್ಕ್ರೂಗಳು ಬಿದ್ದಿರುತ್ತವೆ. ಕೆಟ್ಟ ಕಂಪ್ಯೂಟರು ರಿಪೇರಿ ಮಾಡುವುದು ಅವನ ಹೊಟ್ಟೆಪಾಡು. ಮೂವತ್ತೊಂಬತ್ತು ಮುಗಿದರೂ ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ತಿರುಗುತ್ತಾನೆ. ನಿಕಾಹದ ದಿನ ಖಾಜಿಯವರು ಕುಬೂಲೇ ಎಂದು ಒಪ್ಪಿಗೆ ಕೇಳುವ ಮುಂಚೆ ಎರಡು ಸಲ ಎದ್ದು ಹೋಗಿ ಮೈಕಿನ ವಾಯರು ಸರಿಮಾಡಿ ಬಂದವನು ಇವನು ಎಂದು ಹೆಂಡತಿ ಮಹೇಕ ಈಗಲೂ ಬಂದವರ ಮುಂದೆ ಹೇಳಿ ನಗುತ್ತಾಳೆ.

ಇಂಥವನು ಒಂದು ಪೆಟ್ಟಿಗೆಯನ್ನು ಮುಟ್ಟದೆ, ಬಿಚ್ಚದೆ, ಹನ್ನೊಂದು ದಿನ ಬರೀ ನೋಡುತ್ತ ಕೂತಿದ್ದ ಎಂದರೆ ನಂಬುವುದು ಕಷ್ಟ. ಆದರೂ ಕೂತಿದ್ದ. ಮುಂದಿನ ಫಜೀತಿಯೆಲ್ಲ ಹುಟ್ಟಿದ್ದು ಆ ಹನ್ನೊಂದು ದಿನಗಳಿಂದಲೇ.

ಅವನ ಮನೆಯ ಮುಂದಿನ ಖೋಲಿಯೇ ಅಂಗಡಿ. ಅದರ ಹಿಂದಿನ ಖೋಲಿಯಲ್ಲಿ ನೆಲದೊಳಗೆ ಒಂದು ಕುಣಿ ಇದೆ. ಆತಿಫನ ಅಪ್ಪ ಚಾಂದಸಾಬ ಕೈಮಗ್ಗದ ನೇಕಾರ. ಆ ಕುಣಿಯಲ್ಲಿ ಕಾಲು ಇಳಿಬಿಟ್ಟು, ತಳದ ಹಲಗೆಗಳನ್ನು ತುಳಿಯುತ್ತ, ನಲವತ್ತು ವರ್ಷ ಸೀರೆ ನೇಯ್ದವನು. ಓಣಿಯ ತುಂಬ ಕರೆಂಟಿನ ಮಗ್ಗಗಳ ಸದ್ದು ಶುರುವಾದ ಮೇಲೆ ಕೈಮಗ್ಗ ಮಾರಿಹೋಯಿತು, ಕೆಲವು ವರ್ಷಕ್ಕೆ ಚಾಂದಸಾಬನೂ ಹೋದ. ಕುಣಿ ಮಾತ್ರ ಉಳಿಯಿತು. ಅದನ್ನು ಮುಚ್ಚಿ ಫರಸಿ ಕಲ್ಲು ಹಾಕೋಣ ಎಂದು ಆತಿಫ ಹೇಳಿದಾಗಲೆಲ್ಲ ತಾಯಿ ಹುಸೇನಬೀ, ನಾನಿರುವವರೆಗೆ ಇರಲಿ ಎಂದು ಒಂದೇ ಉತ್ತರ ಕೊಡುತ್ತ ಬಂದಳು. ಸುಮ್ಮನೆ ಇರಲಿ ಎಂದಲ್ಲ, ಅದಕ್ಕೊಂದು ಕೆಲಸವನ್ನೂ ಹಚ್ಚಿದ್ದಳು. ಬೆಳಗಿನ ಹಾಲು ಕಾಯಿಸಿ, ಪಾತ್ರೆಯನ್ನು ಕುಣಿಯ ತಳದಲ್ಲಿಟ್ಟರೆ ಮಣ್ಣಿನ ತಂಪಿಗೆ ಏಪ್ರಿಲ್ ಬಿಸಿಲಿನಲ್ಲೂ ಸಂಜೆವರೆಗೆ ಒಡೆಯುತ್ತಿರಲಿಲ್ಲ. ಅಡುಗೆಮನೆಯಲ್ಲಿ ಫ್ರಿಜ್ ಇತ್ತು. ಫ್ರಿಜ್ಜಿನ ಹಾಲಿಗೆ ಜೀವವೇ ಇರುವುದಿಲ್ಲ ಎಂಬುದು ಅವಳ ತಕರಾರು.

ಆತಿಫನಿಗೆ ರಿಪೇರಿಯ ಜೊತೆಗೆ ಇನ್ನೊಂದು ಗುಂಗು ಹಿಡಿದಿತ್ತು. ಕ್ರಿಪ್ಟೋ ನಾಣ್ಯ ಎಂದಕೂಡಲೇ ಜನ ಒಂದೇ ದಿನದಲ್ಲಿ ಸಾಹುಕಾರರಾಗುವ, ಇಲ್ಲವೇ ಬೀದಿಗೆ ಬೀಳುವ ಮಾತಾಡುತ್ತಾರೆ. ಇವನ ಗುಂಗು ಅದಲ್ಲ. ಅಂಥ ನಾಣ್ಯಕ್ಕೆ ಬ್ಯಾಂಕಿಲ್ಲ, ಮ್ಯಾನೇಜರಿಲ್ಲ. ಮೊದಲ ದಿನದಿಂದ ಇವತ್ತಿನವರೆಗೆ ಯಾರಿಂದ ಯಾರಿಗೆ ಏನು ಹೋಯಿತು ಎಂಬ ಒಂದು ದಫ್ತರ ಇದೆ, ಅದರ ಪೂರ್ತಿ ನಕಲು ಲೋಕದ ಸಾವಿರಾರು ಮನೆಗಳ ಕಂಪ್ಯೂಟರುಗಳಲ್ಲಿದೆ. ಹೊಸ ಪುಟ ಬಂದಾಗ ಪ್ರತಿಯೊಂದು ಕಂಪ್ಯೂಟರೂ ತಾನೇ ತಾಳೆ ನೋಡಿ, ಸರಿಯಿದ್ದರೆ ಮಾತ್ರ ತನ್ನ ನಕಲಿಗೆ ಸೇರಿಸಿಕೊಳ್ಳುತ್ತದೆ. ಹೀಗೆ ದಫ್ತರ ಕಾಯುವ ಕಂಪ್ಯೂಟರಿಗೆ ನೋಡ್ ಎನ್ನುತ್ತಾರೆ. ಕಾದದ್ದಕ್ಕೆ ಪಗಾರ ಗಿಗಾರ ಏನೂ ಇಲ್ಲ. ಆತಿಫ ಅಂಥದೊಂದು ಸಣ್ಣ ನಾಣ್ಯದ ನೋಡ್ ನಡೆಸುತ್ತಿದ್ದ, ಅದರ ಸಾಫ್ಟ್‌ವೇರ್ ಬರೆಯುವ ಗುಂಪಿನಲ್ಲಿ ಬಿಟ್ಟಿ ಚಾಕರಿಯನ್ನೂ ಮಾಡುತ್ತಿದ್ದ.

ಅವನ ಮಾತು ಕೇಳಿ ಈ ಕೆಲಸಕ್ಕೆ ಬಿದ್ದ ಇನ್ನೊಬ್ಬರು ಖಾನಾಪುರದ ದಿಗಂಬರಕಾಕಾ. ಎಪ್ಪತ್ತಕ್ಕೆ ಎರಡು ಕಡಿಮೆ ವಯಸ್ಸು, ಸಾಲಿಯಲ್ಲಿ ಕಲಿಸುವ ಮಗಳು ಸಾನಿಕಾಳ ಜೊತೆ ಇರುವವರು. ಹಿಂದೆ ಕಾಡಂಚಿನ ಊರೊಂದರ ಕಚೇರಿಯಲ್ಲಿ ದಫ್ತರ ಕಾಯುವ ಗುಮಾಸ್ತರಾಗಿದ್ದರು. ಅಲ್ಲಿ ಒಂದು ಮಳೆಗಾಲ ಗೆದ್ದಲು ಹತ್ತಿ, ಮನೆಜಾಗಗಳ ದಫ್ತರ ಮುಟ್ಟಿದರೆ ಪುಡಿಯಾಗುವ ಹಾಗಾಯಿತು. ಎರಡನೇ ನಕಲು ಇರಲಿಲ್ಲ. ಕಾಡವ್ವ ಎಂಬ ಮುದುಕಿ ತನ್ನ ಮನೆಜಾಗದ ಹಾಳೆ ಕೇಳುತ್ತ ಸೋಮವಾರಕ್ಕೊಮ್ಮೆ ಬಂದು ಕಚೇರಿಯ ಕಟ್ಟೆಯ ಮೇಲೆ ಕೂರುತ್ತಿದ್ದಳು. ಅವಳು ಸಾಯುವವರೆಗೂ ಕಾಕಾ ಅವಳಿಗೆ, ನೋಡೋಣ, ಮುಂದಿನ ವಾರ ಬಾ ಎನ್ನುತ್ತಲೇ ಇದ್ದರು. ಒಂದೇ ದಫ್ತರಕ್ಕೆ ಸಾವಿರಾರು ನಕಲು ಎಂಬ ಮಾತನ್ನು ಆತಿಫನ ಬಾಯಲ್ಲಿ ಕೇಳಿದ ದಿನ ಅವರು ಅದನ್ನು ಎರಡು ಸಲ ಹೇಳಿಸಿಕೊಂಡರು. ಮರುವಾರ ತಮಗೊಂದು ಕಂಪ್ಯೂಟರು ಜೋಡಿಸಿಕೊಡಲು ಹೇಳಿದರು.

ಅವರ ಬಳಿ ಆ ನಾಣ್ಯ ಒಂದೂ ಇಲ್ಲ, ಬೇಕಾಗಿಯೂ ಇಲ್ಲ. ಆತಿಫ ಹಳೆಯ ಸಾಮಾನು ಕೂಡಿಸಿ ಕಟ್ಟಿಕೊಟ್ಟ, ನಾಲ್ಕು ಜಿಬಿ ಮೆಮೊರಿಯ, ಗರಗರ ತಿರುಗುವ ಹಾರ್ಡ್‌ಡಿಸ್ಕಿನ ಪೆಟ್ಟಿಗೆಯಲ್ಲಿ ಏಳು ವರ್ಷದಿಂದ ಒಂದು ಪುಟ ತಪ್ಪದೆ ದಫ್ತರ ಕಾಯುತ್ತ ಬಂದಿದ್ದರು. ಸ್ನಾನ ಮುಗಿಸಿ, ದೇವರಿಗೆ ಊದಿನಕಡ್ಡಿ ಹಚ್ಚಿ, ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಅವತ್ತಿನ ಪುಟಸಂಖ್ಯೆಯನ್ನು ಡೈರಿಯಲ್ಲಿ ಬರೆದಿಟ್ಟುಕೊಳ್ಳುವುದು ಅವರ ನಿತ್ಯಕರ್ಮ. ತಮ್ಮ ಹಳೇ ಡಬ್ಬಿಯ ಮೇಲೆ ಇದು ನಡೆಯುತ್ತದೆ ಎಂದರೆ ಯಾವ ಬಡವರ ಮನೆಯಲ್ಲೂ ನಡೆಯುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಈ ವರ್ಷದ ಫೆಬ್ರುವರಿಯಲ್ಲಿ ಆ ಸಾಫ್ಟ್‌ವೇರಿನ ಹೊಸ ಆವೃತ್ತಿ ತಯಾರಾಯಿತು. ದಫ್ತರ ಬರೆದಿಡುವ ರೀತಿಯೇ ಬದಲಾದದ್ದರಿಂದ ಎಲ್ಲರೂ ಹಳೆಯ ನಕಲು ಅಳಿಸಿ, ಮೊದಲ ಪುಟದಿಂದ ಮತ್ತೆ ತಾಳೆ ನೋಡುತ್ತ ಬರಬೇಕಿತ್ತು. ಅತ್ತ ಹೊಸ ಪುಟಗಳು ಬರುತ್ತಲೇ ಇರುತ್ತವೆ. ಸೊರಗಿದ ಕಂಪ್ಯೂಟರು ಎಷ್ಟು ಏದುಸಿರು ಬಿಟ್ಟರೂ ಕೊನೆಯ ಪುಟ ಮುಟ್ಟುವುದೇ ಇಲ್ಲ. ಹಾಗಾಗಿ ಒಂದು ಗೆರೆ ಎಳೆಯಬೇಕಾಯಿತು. ಕನಿಷ್ಠ ಇಷ್ಟು ಮೆಮೊರಿ, ಇಂಥ ಡಿಸ್ಕು, ಇದಕ್ಕಿಂತ ಕಡಿಮೆ ಇದ್ದವರು ಕೈಹಾಕಬೇಡಿ ಎಂದು ಜನಕ್ಕೆ ಮೊದಲೇ ಹೇಳಬೇಕು.

ಗುಂಪಿನ ಬಹಳ ಜನ ಹದಿನಾರು ಜಿಬಿ ಎಂದು ಬರೆದು ಕೈತೊಳೆದುಕೊಳ್ಳೋಣ ಎಂದರು. ಆತಿಫನಿಗೆ ಮೈಯೆಲ್ಲ ಉರಿಯಿತು. ಹದಿನಾರು ಎಂದರೆ ದಫ್ತರ ಉಳ್ಳವರ ಮನೆ ಸೇರಿದಂತೆ, ಆಮೇಲೆ ನಕಲು ಯಾರ ಹತ್ತಿರ ಇದ್ದರೇನು ಎಂದು ಪುಟಗಟ್ಟಲೆ ಬರೆದು ಜಗಳ ತೆಗೆದ. ಗುಂಪಿನ ಮುಖ್ಯಸ್ಥೆ ಪೋರ್ಚುಗಲ್ಲಿನ ಒಬ್ಬ ಹೆಣ್ಣುಮಗಳು. ಅವಳು ಜಗಳವಾಡಲಿಲ್ಲ. ಹಾಗಾದರೆ ನೀನೇ ಅಳೆದು ಹೇಳು, ನೀನು ಹೇಳಿದ್ದೇ ಗೆರೆ ಎಂದಳು. ಇದನ್ನು ಕೇಳಿ ದಿಗಂಬರಕಾಕಾ, ಪೋರ್ಚುಗೀಜರು ಗೋವಾ ಬಿಟ್ಟು ಇಷ್ಟು ವರ್ಷವಾದರೂ ನಮಗೆ ಹುಕುಂ ಮಾಡುವುದು ಬಿಟ್ಟಿಲ್ಲ ನೋಡು ಎಂದು ನಕ್ಕರು. ನಕ್ಕರೂ, ತಮ್ಮ ಡಬ್ಬಿ ಉಳಿಯುವುದೋ ಬಿಡುವುದೋ ಆ ಗೆರೆಯ ಮೇಲೆ ನಿಂತಿದೆ ಎಂದು ಅವರಿಗೆ ಗೊತ್ತಿತ್ತು.

“ಗೆರಿ ಎಲ್ಲಿ ಬೇಕಾದ್ರೂ ಎಳಿ,” ಎಂದರು. “ಆದ್ರ ಅಳದು ಎಳಿ. ನನ್ನ ಮಾರಿ ನೋಡಿ ಎಳೀಬ್ಯಾಡ.”

ಆತಿಫ ಕಾಕಾನ ಪೆಟ್ಟಿಗೆಯ ತದ್ರೂಪಿನ ಇನ್ನೊಂದನ್ನು ಜೋಡಿಸಿದ. ಅಂಗಡಿಯಲ್ಲಿ ಗಿರಾಕಿಗಳ ಸಾಮಾನು ಕಾಲಿಡಲು ಜಾಗವಿಲ್ಲದಷ್ಟು. ಒಳಗಿಟ್ಟರೆ ಫ್ಯಾನಿನ ಸದ್ದಿಗೆ ಹುಸೇನಬೀಗೆ ತಲೆನೋವು. ಸರಿ, ಕುಣಿಯಲ್ಲಿಟ್ಟ. ನೇಕಾರರ ಮನೆಯಲ್ಲಿ ಬೆಳೆದವನಿಗೆ ಕುಣಿಯಲ್ಲಿ ಸಾಮಾನು ಇಡುವುದು ಕಪಾಟಿನಲ್ಲಿ ಇಟ್ಟಷ್ಟೇ ಸಹಜ. ಅದರ ಬಗ್ಗೆ ಎರಡನೇ ಸಲ ಯೋಚಿಸಲೂ ಇಲ್ಲ. ಕುಣಿಯ ಅಂಚಿಗೆ ಸ್ಟೂಲು ಹಾಕಿಕೊಂಡು, ಏಳುತ್ತ, ಕೂರುತ್ತ, ಉಗುರು ಕಚ್ಚುತ್ತ ಅಂಕಿ ಏರುವುದನ್ನು ನೋಡತೊಡಗಿದ.

ಮೂರನೇ ದಿನ ಹುಸೇನಬೀ ಒಡೆದ ಹಾಲಿನ ಪಾತ್ರೆ ಹಿಡಿದುಕೊಂಡು ಬಂದಳು. ಮನೆಯಲ್ಲಿ ದಖ್ಖನಿ ಉರ್ದು ಆಡುವ ಅವಳು ಸಿಟ್ಟು ಬಂದಾಗ ಕನ್ನಡಕ್ಕೆ ಹೊರಳುತ್ತಾಳೆ, ಓಣಿಯವರಿಗೂ ತಿಳಿಯಲಿ ಎಂದು. “ನಿನ್ನ ಡಬ್ಬಿ ಬಂದಾಗಿಂದ ನನ್ನ ಹಾಲು ಒಡ್ಯಾಕತ್ತೈತಿ ನೋಡು,” ಎಂದಳು. ಆತಿಫ ತಲೆ ಎತ್ತಲಿಲ್ಲ. ಹಾಲಿನ ಲಕ್ಷ್ಮಪ್ಪ ನಿನ್ನೆಯ ಹಾಲು ಬೆರೆಸುತ್ತಿರಬೇಕು ಎಂದುಬಿಟ್ಟ. ಪಾಪ, ಲಕ್ಷ್ಮಪ್ಪ ಅವತ್ತಿನಿಂದ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಬೈಸಿಕೊಂಡ.

ಹನ್ನೊಂದನೇ ದಿನ ಮಧ್ಯಾಹ್ನ ಪೆಟ್ಟಿಗೆ ಕೊನೆಯ ಪುಟ ಮುಟ್ಟಿತು. ಎಲ್ಲಿಯೂ ಎಡವಲಿಲ್ಲ. ಆತಿಫನ ಕಣ್ಣಲ್ಲಿ ನೀರೇ ಬಂತು. ಗುಂಪಿನ ನಮೂನೆಯಲ್ಲಿ ಎಲ್ಲ ತುಂಬಿದ. ನಾಲ್ಕು ಜಿಬಿ ಮೆಮೊರಿ, ಸಾದಾ ಹಾರ್ಡ್‌ಡಿಸ್ಕು, ಹನ್ನೊಂದು ದಿನ, ಸಾಕು. ಅದರಲ್ಲಿ ಯಂತ್ರದ ಕಾವು ಬರೆಯುವ ಒಂದು ಕಲಮೂ ಇತ್ತು. ಬೇಕಾದ ಉತ್ತರ ಸಿಕ್ಕವನಿಗೆ ಬೇಡದ ಪ್ರಶ್ನೆ ಎಲ್ಲಿ ಕಾಣುತ್ತದೆ? ಅದನ್ನು ಖಾಲಿ ಬಿಟ್ಟು, ಕೆಳಗೆ ತನ್ನ ಹೆಸರು ಬರೆದು ಕಳಿಸಿದ. ಗೆರೆ ಲೋಕಕ್ಕೆಲ್ಲ ಪ್ರಕಟವಾಯಿತು. ಅದೇ ಸಂಜೆ ಮೋಟಾರ್ ಸೈಕಲ್ ಹತ್ತಿ ಖಾನಾಪುರಕ್ಕೆ ಹೋಗಿ ಕಾಕಾಗೆ ಸುದ್ದಿ ಮುಟ್ಟಿಸಿದ.

ಏಪ್ರಿಲ್ ನಡುವೆ ಕಾಕಾನ ಏಳು ವರ್ಷದ ನಕಲನ್ನು ಆತಿಫನೇ ಕೈಯಾರೆ ಅಳಿಸಿದ. ಅಳಿಸುವಾಗ ಕಾಕಾ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಿದ್ದರು. ಹೊಸ ಆವೃತ್ತಿ ಮೊದಲ ಪುಟದಿಂದ ಶುರುವಾಯಿತು. ಆತಿಫ ಹೊರಡುವ ಮುಂಚೆ ಪೆಟ್ಟಿಗೆಯ ಮೇಲೆ ಅದರ ಹೊದಿಕೆಯನ್ನು ಹಾಕಿ, ಅಂಚಿನ ಮಣಿಗಳು ನಾಲ್ಕೂ ಕಡೆ ಸಮ ಬರುವಂತೆ ಜಗ್ಗಿ ಸರಿಮಾಡಿದ. ಕಾಕಾನ ಹೆಂಡತಿ ಚಂದ್ರಭಾಗಾಬಾಯಿ ಹೆಣೆದ ಹೊದಿಕೆ ಅದು. ರಸ್ತೆಯ ಧೂಳು ಬೀಳಬಾರದೆಂದು ಒತ್ತಾಗಿ ಹೆಣೆದು, ಒಳಗೆ ಅಸ್ತರು ಕೊಟ್ಟು ಹೊಲಿದಿದ್ದಳು. ಅವಳು ತೀರಿಕೊಂಡು ಎರಡು ವರ್ಷವಾಗಿತ್ತು.

ಒಂಬತ್ತು ದಿನ ಎಲ್ಲ ನೆಟ್ಟಗಿತ್ತು. ಹತ್ತನೇ ದಿನ ದಫ್ತರ ಅರ್ಧವೂ ಆಗಿರಲಿಲ್ಲ, ಪೆಟ್ಟಿಗೆ ನಿಂತುಬಿಟ್ಟಿತು, ಅಷ್ಟೂ ನಕಲು ಕೆಟ್ಟಿತು. ಮತ್ತೆ ಮೊದಲ ಪುಟದಿಂದ. ಆತಿಫ ಓಡಿದ. ಕರೆಂಟಿನದೇ ಕಾಟ ಎಂದು ಹೊಸ ಯುಪಿಎಸ್ ತಂದು ಕೂಡಿಸಿದ. ಮುಂದಿನ ವಾರ ಮತ್ತೆ ನಿಂತಿತು. ಕೇಬಲ್ ಬದಲಾಯಿಸಿದ, ಮೆಮೊರಿ ತೆಗೆದು ಒರೆಸಿ ಹಾಕಿದ, ಡಿಸ್ಕನ್ನು ತಾಸುಗಟ್ಟಲೆ ಪರೀಕ್ಷೆ ಮಾಡಿದ. ವಡಗಾವಿಯಿಂದ ಖಾನಾಪುರಕ್ಕೆ ಹೋಗುವುದು ನಮಾಜಿಗೆ ಹೋದಷ್ಟು ರೂಢಿಯಾಯಿತು. ಗಿರಾಕಿಗಳು ಅಂಗಡಿಯ ಬಾಗಿಲು ತಟ್ಟಿ ಬೈದುಕೊಂಡು ಹೋದರು. ತಮಾಷೆ ಏನೆಂದರೆ, ಆತಿಫ ಹೋಗಿ ಹೊದಿಕೆ ತೆಗೆದು, ಮಂಚದ ಮೇಲೆ ಮಡಿಸಿಟ್ಟು ಕೂತ ಎರಡು ಮೂರು ತಾಸು ಪೆಟ್ಟಿಗೆ ಹುರುಪಿನಿಂದ ಓಡುತ್ತಿತ್ತು. ಇದು ನಿನಗೆ ಹೆದರುತ್ತದೆ ಎಂದು ಕಾಕಾ ಕೋಕಂ ಶರಬತ್ತು ಕೊಡುತ್ತ ನಗುತ್ತಿದ್ದರು. ಆತಿಫ ಅರ್ಧ ಶರಬತ್ತು ಕುಡಿದು, ಹೊದಿಕೆಯನ್ನು ಮತ್ತೆ ಜೋಪಾನವಾಗಿ ಹೊದಿಸಿ ಹೊರಡುತ್ತಿದ್ದ.

ಮೇ ಮೊದಲ ವಾರ ಗುಂಪಿಗೂ ದೂರು ಬರತೊಡಗಿದವು. ಘಾನಾದಿಂದ ಒಬ್ಬ, ವಿಯೆಟ್ನಾಮಿನಿಂದ ಇಬ್ಬರು, ನಾಗಪುರದಿಂದ ಒಬ್ಬ. ನಾಲ್ಕು ಜಿಬಿ ಸಾಕು ಎಂದಿರಿ, ವಾರಗಟ್ಟಲೆ ಕಾದು ಎಲ್ಲ ಹಾಳಾಯಿತು ಎಂದು ಬರೆದರು. ದೂರು ಬಂದದ್ದೆಲ್ಲ ಬಿಸಿಲಿನ ಊರುಗಳಿಂದ ಎಂಬುದನ್ನು ಯಾರೂ ಗಮನಿಸಲಿಲ್ಲ. ಆತಿಫ ಅವರಿಗೆಲ್ಲ ತುಸು ಬಿರುಸಾಗಿಯೇ, ನಿಮ್ಮ ಡಿಸ್ಕು ನೋಡಿಕೊಳ್ಳಿ ಎಂದು ಉತ್ತರಿಸಿದ. ಪೋರ್ಚುಗಲ್ಲಿನ ಹೆಣ್ಣುಮಗಳು ಮಾತ್ರ ಮತ್ತೊಮ್ಮೆ ಅಳೆಯಲು ಹೇಳಿದಳು. ಸಿಟ್ಟಿನಿಂದಲೇ ಒಪ್ಪಿ, ಅದೇ ಪೆಟ್ಟಿಗೆಯನ್ನು ಮತ್ತೆ ಕುಣಿಗಿಳಿಸಿದ. ಅದು ಮತ್ತೆ ಸರಾಗ ಓಡಿತು. ಇದನ್ನು ಕಂಡು ಅವನ ಎದೆಯುಬ್ಬಿತು, ಆದರೆ ಒಂದು ಪ್ರಶ್ನೆ ಉಳಿಯಿತು. ಇಲ್ಲಿ ಓಡುವುದು ಅಲ್ಲಿ ಯಾಕೆ ಓಡುವುದಿಲ್ಲ?

ಕಾಕಾನ ಪೆಟ್ಟಿಗೆ ಮೂರನೇ ಸಲ ನಿಂತ ದಿನ ಅವರು ನಗಲಿಲ್ಲ. ಡೈರಿಯಲ್ಲಿ ಆ ದಿನದ ಪುಟಸಂಖ್ಯೆಯ ಜಾಗ ಬರಿದಾಗಿತ್ತು. ಅದಕ್ಕೂ ಹಿಂದಿನ ಒಂದು ತಿಂಗಳ ಜಾಗವೂ ಬರಿದಾಗಿತ್ತು.

“ಆತಿಫ, ಖರೇ ಹೇಳು,” ಎಂದರು. “ಈ ಡಬ್ಬಿ ಕೈಲೆ ಆಗೂದಿಲ್ಲಂದ್ರ ನಾ ಬಿಟ್ಟುಬಿಡ್ತೀನಿ, ಸಿಟ್ಟಿಲ್ಲ. ಆದ್ರ ತಪ್ಪು ಡಬ್ಬೀದೋ, ನಂದೋ, ನಿಂದೋ, ಅದು ನನಗ ಗೊತ್ತಾಗಬೇಕು. ಕಾಡವ್ವಗ ನಾ ಕಡೀತನಕ ಏನೂ ಹೇಳಲಿಲ್ಲ. ನೀ ನನಗ ಹಂಗ ಮಾಡಬ್ಯಾಡ.”

ಆತಿಫ ಡೈರಿಯನ್ನು ಮುಚ್ಚಿ ಮೇಜಿನ ಮೇಲಿಟ್ಟ. ನಾಳೆ ಹೇಳುತ್ತೇನೆ ಎಂದು ಎದ್ದು ಬಂದ.

ಮರುದಿನ ಸಂಜೆ ಕುಣಿಯ ಅಂಚಿನಲ್ಲಿ ತಲೆ ಮೇಲೆ ಕೈಹೊತ್ತು ಕೂತಿದ್ದವನ ಮುಂದೆ ಹುಸೇನಬೀ ಎರಡು ಪಾತ್ರೆ ತಂದಿಟ್ಟಳು. ಅವತ್ತು ಅವಳು ಕೂಗಾಡಲಿಲ್ಲ, ದಖ್ಖನಿಯಲ್ಲೇ ಮೆಲ್ಲಗೆ ಹೇಳಿದಳು. ಬೆಳಿಗ್ಗೆ ಲಕ್ಷ್ಮಪ್ಪನ ಹಾಲನ್ನು ಕಾಯಿಸಿ ಎರಡು ಪಾಲು ಮಾಡಿದ್ದಳಂತೆ. ಒಂದನ್ನು ಕುಣಿಯಲ್ಲಿ ಅವನ ಡಬ್ಬಿಯ ಹಿಂದೆ ಇಟ್ಟಿದ್ದಳು, ಇನ್ನೊಂದನ್ನು ಅಡುಗೆಮನೆಯ ಮೂಲೆಯಲ್ಲಿ. ಅಡುಗೆಮನೆಯದು ಇನ್ನೂ ಚೆನ್ನಾಗಿದೆ, ಕುಣಿಯದು ಒಡೆದಿದೆ. ಲಕ್ಷ್ಮಪ್ಪನದು ತಪ್ಪಿಲ್ಲ, ನಾಳೆ ಅವನ ಹತ್ತಿರ ಮಾಫಿ ಕೇಳಬೇಕು. ನಿನ್ನ ಡಬ್ಬಿ ಅಷ್ಟು ಬೆಂಕಿ ಉಗುಳುತ್ತದೆ, ಅಪ್ಪನ ಕುಣಿ ಅದನ್ನೆಲ್ಲ ನುಂಗಿಕೊಂಡು ಕೂತಿದೆ, ನಿನಗೆ ಗೊತ್ತೇ ಇಲ್ಲವಲ್ಲ ಎಂದಳು. ತಾಯಿ ಮಗ ಇಬ್ಬರಲ್ಲಿ ಪರೀಕ್ಷೆಯನ್ನು ಸರಿಯಾಗಿ ಮಾಡಿದವಳು ಅವಳೊಬ್ಬಳೇ.

ಆತಿಫ ಕುಣಿಗೆ ಇಳಿದ. ಪೆಟ್ಟಿಗೆಯ ಹಿಂದಿನ ಮಣ್ಣಿನ ಗೋಡೆಗೆ ಅಂಗೈ ಇಟ್ಟು ನೋಡಿದ. ಅದು ಬೆಚ್ಚಗಿತ್ತು, ಪೆಟ್ಟಿಗೆ ತಂಪಾಗಿತ್ತು. ಅಪ್ಪ ಬೇಸಿಗೆಯಿಡೀ ಬೆವರದೆ ಕೂತು ನೇಯುತ್ತಿದ್ದದ್ದು ನೆನಪಾಯಿತು. ಆ ಕ್ಷಣಕ್ಕೆ ಎಲ್ಲ ಬಿಡಿಸಿದ ಹಾಗೆ ಕಂಡಿತು. ತಾನು ಅಳೆದದ್ದು ನಾಲ್ಕು ಜಿಬಿಯನ್ನಲ್ಲ, ನಾಲ್ಕು ಜಿಬಿ ಮತ್ತು ಒಂದು ಕುಣಿಯನ್ನು. ಲೋಕದಲ್ಲಿ ಎಷ್ಟು ಜನರ ಮನೆಯಲ್ಲಿ ಕುಣಿ ಇರುತ್ತದೆ?

ಪೆಟ್ಟಿಗೆಯನ್ನು ಮೇಲೆತ್ತಿ ಅಂಗಡಿಯ ಪತ್ರಾಸಿನ ತಗಡು ಮಾಡಿನ ಕೆಳಗೆ ಮೇಜಿನ ಮೇಲಿಟ್ಟ. ಎರಡನೇ ದಿನ ಮಧ್ಯಾಹ್ನಕ್ಕೆ ಅದು ಕಾದು ಕೆಂಡವಾಗಿ, ನಿಧಾನವಾಗಿ, ಕೊನೆಗೆ ನಿಂತೇಬಿಟ್ಟಿತು. ಬೇರೊಂದು ಪೆಟ್ಟಿಗೆಗೆ ಎಂಟು ಜಿಬಿ, ತಿರುಗದ ಎಸ್‌ಎಸ್‌ಡಿ ಡಿಸ್ಕು ಹಾಕಿ ಅದೇ ಜಾಗದಲ್ಲಿಟ್ಟ. ಅದಕ್ಕೆ ದುಡಿಯುವ ಹೊತ್ತು ಕಡಿಮೆ, ಕಾವೂ ಕಡಿಮೆ, ಬಿಸಿಲಿನಲ್ಲೂ ಏದುಸಿರಿಲ್ಲದೆ ನಡೆಯಿತು. ನಿಜವಾದ ಗೆರೆ ಅದೇ. ಅದನ್ನು ಬರೆದರೆ ದಿಗಂಬರಕಾಕಾನ ಡಬ್ಬಿ ಗೆರೆಯಿಂದ ಕೆಳಗೆ ಬೀಳುತ್ತದೆ.

ಅಷ್ಟರಲ್ಲಿ ಅವನಿಗೆ ಇನ್ನೊಂದು ವಿಷಯ ಹೊಳೆಯಿತು. ಖಾನಾಪುರದ ಖೋಲಿಗೂ ಪತ್ರಾಸಿನ ಮಾಡು, ಅದು ಸರಿ. ಆದರೆ ಆ ಪೆಟ್ಟಿಗೆಯ ಉಸಿರು ಕಟ್ಟಿಸುತ್ತಿದ್ದದ್ದು ಚಂದ್ರಭಾಗಾಬಾಯಿಯ ಹೊದಿಕೆ. ಹಳೆಯ ಆವೃತ್ತಿಯ ಹಗುರ ಕೆಲಸಕ್ಕೆ ಅದರಿಂದ ತೊಂದರೆಯಾಗಿರಲಿಲ್ಲ. ಹೊಸದು ಹಗಲಿರುಳು ದುಡಿಸಿದಾಗ ಒಳಗೇ ಬೆಂದುಹೋಯಿತು. ಅದನ್ನು ಪ್ರತಿಸಲ ಮಣಿ ಸರಿಮಾಡಿ ಹೊದಿಸಿ ಬಂದವನು ತಾನೇ.

ಖಾನಾಪುರದ ದಾರಿಯುದ್ದಕ್ಕೂ ಅವನ ತಲೆಯಲ್ಲಿ ಜಗಳ ನಡೆದಿತ್ತು. ಕುಣಿಯ ಮಾತು ಹೇಳುತ್ತೇನೆ, ಅದು ನನ್ನ ತಪ್ಪು. ಹೊದಿಕೆಯ ಮಾತು ಯಾಕೆ ಹೇಳಬೇಕು? ಗೆರೆ ಮೇಲೇರಿತು, ನಿಮ್ಮ ಡಬ್ಬಿಗೆ ವಯಸ್ಸಾಯಿತು ಎಂದರೆ ಮುಗಿಯಿತು. ಕಾಕಾ ಮರ್ಯಾದೆಯಿಂದ ಕೆಲಸ ಬಿಡುತ್ತಾರೆ, ಹೆಂಡತಿಯ ನೆನಪಿಗೆ ಮುಳ್ಳು ತಾಗುವುದಿಲ್ಲ. ಮಲಪ್ರಭೆಯ ಸೇತುವೆ ದಾಟುವಷ್ಟರಲ್ಲಿ ಹಾಗೇ ಮಾಡುವುದೆಂದು ಗಟ್ಟಿ ಮಾಡಿಕೊಂಡಿದ್ದ.

ಖೋಲಿಗೆ ಬಂದವನು ರೂಢಿಯಂತೆ ಹೊದಿಕೆ ತೆಗೆದು ಮಂಚದ ಮೇಲೆ ಮಡಿಸಿಟ್ಟ. ಆಮೇಲೆ ಕುಣಿಯ ಕಥೆಯನ್ನು, ಖಾಲಿ ಬಿಟ್ಟ ಕಲಮನ್ನೂ ಸೇರಿಸಿ, ಒಂದೂ ಮುಚ್ಚಿಡದೆ ಹೇಳಿದ. ಕೇಳುತ್ತ ಕೇಳುತ್ತ ಕಾಕಾನ ಮುಖ ಬಿಗಿಯಿತು. ಬೇಕಾದ ಉತ್ತರ ಬರೆದುಕೊಂಡು ದಫ್ತರಕ್ಕೆ ಸಹಿ ಹಾಕುವ ಗುಮಾಸ್ತರನ್ನು ಬಹಳ ನೋಡಿದ್ದೇನೆ, ನೀನು ಅಂಥವನಲ್ಲ ಎಂದುಕೊಂಡಿದ್ದೆ ಎಂದರು. ಆತಿಫ ತಲೆ ತಗ್ಗಿಸಿ ಕೇಳಿಸಿಕೊಂಡ. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಈಗ ಬರೆದದ್ದನ್ನು ಅಳಿಸಿ ಹೊಸ ಗೆರೆ ಹಾಕುತ್ತೇನೆ ಎಂದ.

“ಅಳಸಬ್ಯಾಡ,” ಎಂದರು ಕಾಕಾ. “ದಫ್ತರದಾಗ ತಪ್ಪು ಬರದ್ರ ಅಳಸೂದಿಲ್ಲ. ಮ್ಯಾಲೊಂದು ಗೆರಿ ಹೊಡೀತಾರ, ತಪ್ಪು ಓದಾಕ ಬರೂಹಂಗ ಬಿಡ್ತಾರ. ಬಾಜೂಕ ಸರೀದು ಬರದು ಸಹಿ ಮಾಡ್ತಾರ. ಯಾಕ ತಪ್ಪಾತು ಅಂತನೂ ಬರಿ.”

ಆಮೇಲೆ ಪೆಟ್ಟಿಗೆಯ ಕಡೆ ನೋಡುತ್ತ, ಹಳೆಯ ಗುಮಾಸ್ತರ ಬುದ್ಧಿಯಿಂದ ಒಂದೊಂದೇ ಪುಟ ತಿರುವುವವರಂತೆ ಕೇಳಿದರು. “ಅಲ್ಲಿ ಕುಣಿ ತಂಪು ಕೊಟ್ತು, ಖರೇ. ಇಲ್ಲಿ ಖೋಲಿ ಬಿಸಿ ಐತಿ, ಅದೂ ಖರೇ. ಆದ್ರ ನೀ ಬಂದು ಕುಂತಾಗೆಲ್ಲಾ ಇದು ನೆಟ್ಟಗ ಓಡತಿತ್ತಲ್ಲ? ಖೋಲಿ ಅದ ಖೋಲಿ, ಬಿಸಲ ಅದ ಬಿಸಲ. ನೀ ಬಂದಾಗ ಏನ್ ಬ್ಯಾರೆ ಆಗತಿತ್ತು?”

ಒಂದು ಕ್ಷಣ ಸುಮ್ಮನೆ ಕೂರಲಾರದ ಮನುಷ್ಯ ಕಲ್ಲಿನಂತೆ ಕೂತಿದ್ದ. ಅವನ ಆ ಸುಮ್ಮನಿರುವಿಕೆಯೇ ಕಾಕಾಗೆ ಎಲ್ಲ ಹೇಳಿತು. ಅವರ ಕಣ್ಣು ಪೆಟ್ಟಿಗೆಯಿಂದ ಅವನ ಕೈಗೆ, ಅವನ ಕೈಯಿಂದ ಮಂಚದ ಮೇಲೆ ಮಡಿಸಿಟ್ಟ ಹೊದಿಕೆಗೆ ಹೋಗಿ ನಿಂತಿತು.

ಅವರು ಎದ್ದು ಅದನ್ನು ಕೈಗೆತ್ತಿಕೊಂಡರು. ಅಂಚಿನ ಮಣಿಗಳ ಮೇಲೆ ಹೆಬ್ಬೆರಳು ಆಡಿಸಿದರು. ಹೊರಗೆ ಬಸ್ಸೊಂದು ಧೂಳೆಬ್ಬಿಸುತ್ತ ಹೋಯಿತು.

“ಧೂಳ ಬೀಳಬಾರ್ದು ಅಂತ ಹೆಣದಿದ್ಲು,” ಎಂದರು. “ಮೂರು ತಿಂಗಳ ಹೆಣದ್ಲು.” ಆಮೇಲೆ ಅವನ ಕಡೆ ತಿರುಗಿ, “ನಿನಗ ಗೊತ್ತಿತ್ತು. ಆದ್ರೂ ಹೇಳಲಿಲ್ಲ.”

“ಹೇಳಾಕ ಬಾಯಿ ಬರಲಿಲ್ಲರೀ ಕಾಕಾ.”

“ಬಾಯಿ ಬರಬೇಕಪಾ,” ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. “ನಾ ಕಾಡವ್ವಗ ಹಿಂಗ ಸುಮ್ಮನಿದ್ದೆ. ಮರ್ಯಾದಿಗೆ ಅಂತ ಸುಮ್ಮನಿದ್ದೆ.”

ಅವತ್ತು ಹೊದಿಕೆ ಮತ್ತೆ ಪೆಟ್ಟಿಗೆಯ ಮೇಲೆ ಹೋಗಲಿಲ್ಲ. ಕಾಕಾ ಪೆಟ್ಟಿಗೆಯನ್ನು ಗೋಡೆಯಿಂದ ಸರಿಸಿ ಕಿಟಕಿಯ ಬಳಿಗೆ ಎಳೆಯಲು ಕೈಜೋಡಿಸಿದರು, ನಾಲ್ಕನೇ ಸಲ ಮೊದಲ ಪುಟದಿಂದ ಶುರು ಮಾಡು ಎಂದರು. ಗೆರೆಯ ಕೆಳಗೆ ಬಿದ್ದರೆ ಕೈಬಿಡಬೇಕೆಂದು ಯಾರೂ ಕಾಯಿದೆ ಮಾಡಿಲ್ಲವಲ್ಲ ಎಂದರು. ಧೂಳನ್ನು ದಿನಾ ಬೆಳಿಗ್ಗೆ ಕೈಯಿಂದಲೇ ಒರೆಸುತ್ತೇನೆ ಎಂದರು.

ಆತಿಫ ಮನೆಗೆ ಬಂದು ಬರೆದ. ಹಳೆಯ ಸಾಲಿನ ಮೇಲೆ, ಓದಲು ಬರುವ ಹಾಗೆ, ಒಂದು ಗೆರೆ ಹೊಡೆದ. ಪಕ್ಕದಲ್ಲಿ ಎಂಟು ಜಿಬಿ, ಎಸ್‌ಎಸ್‌ಡಿ ಎಂದು ಬರೆದು ಹೆಸರು ಹಾಕಿದ. ಕೆಳಗೆ ಕಾರಣ ಬರೆದ. ನನ್ನ ತಂದೆ ನೇಕಾರ, ನಾನು ಪರೀಕ್ಷೆ ಮಾಡಿದ್ದು ಅವರು ಕಾಲಿಡುತ್ತಿದ್ದ ನೆಲದ ಕುಣಿಯಲ್ಲಿ, ಅದರ ತಂಪನ್ನು ಯಂತ್ರದ ಶಕ್ತಿ ಎಂದು ತಿಳಿದೆ, ಕಾವಿನ ಕಲಮನ್ನು ಖಾಲಿ ಬಿಟ್ಟೆ. ಘಾನಾದವನಿಗೂ ವಿಯೆಟ್ನಾಮಿನವರಿಗೂ ನಾಗಪುರದವನಿಗೂ ಬೇರೆಬೇರೆಯಾಗಿ ಕ್ಷಮೆ ಕೇಳಿದ. ಕಡಿಮೆ ಶಕ್ತಿಯ ಯಂತ್ರ ಇರುವವರಿಗೆ ಒಂದು ಸಾಲು ಸೇರಿಸಿದ. ಬೆಳಿಗ್ಗೆ ಕಾಯಿಸಿಟ್ಟ ಹಾಲು ಸಂಜೆವರೆಗೆ ಒಡೆಯದಂಥ ಜಾಗ ನಿಮ್ಮ ಮನೆಯಲ್ಲಿದ್ದರೆ, ಅಲ್ಲಿಟ್ಟು ನೋಡಬಹುದು, ಜವಾಬ್ದಾರಿ ನಿಮ್ಮದು. ಗುಂಪಿನಲ್ಲಿ ಇಬ್ಬರು ನಕ್ಕರು. ಪೋರ್ಚುಗಲ್ಲಿನ ಹೆಣ್ಣುಮಗಳು ಆ ಸಾಲನ್ನು ತೆಗೆಯಲಿಲ್ಲ. ಆತಿಫ ಎರಡು ದಿನ ಯಾರ ಮುಖವನ್ನೂ ನೋಡಲಾರದೆ ಒಳಗೊಳಗೇ ಸುಟ್ಟುಕೊಂಡ. ಮೂರನೇ ದಿನ ಗಿರಾಕಿಗಳ ಬೈಗುಳಕ್ಕೆ ಅಂಗಡಿ ತೆರೆದ.

ಕಾಕಾನ ಡಬ್ಬಿ ಈಗ ಶುರುವಾದಾಗಲೆಲ್ಲ ಕೆಂಪಕ್ಷರದಲ್ಲಿ, ನಿಮ್ಮ ಯಂತ್ರ ಗೆರೆಯ ಕೆಳಗಿದೆ ಎಂದು ಎಚ್ಚರಿಸುತ್ತಿತ್ತು. ಅವರು ಅದನ್ನು ಓದಿ, ಗೊತ್ತೈತಿ ನಡಿ ಎಂದು ಮುಂದೆ ದಾಟಿಸುತ್ತಿದ್ದರು. ಆತಿಫ ದಿನಕ್ಕೆ ಎರಡು ಸಲ ಫೋನ್ ಮಾಡಿ ಅಂಕಿ ಕೇಳುತ್ತಿದ್ದ. ಅರ್ಧ ದಾಟಿತು, ಮುಕ್ಕಾಲು ದಾಟಿತು. ಮೃಗಶಿರ ಮಳೆ ಹಿಡಿದ ವಾರ ಒಂದು ಬೆಳಿಗ್ಗೆ ಕಾಕಾನೇ ಫೋನ್ ಮಾಡಿದರು. ಕೊನೆಯ ಪುಟ ಮುಟ್ಟಿತು, ಡೈರಿಯಲ್ಲಿ ಸಂಖ್ಯೆ ಬರೆದೆ ಎಂದರು. ಆತಿಫ ಚಹಾ ಬಿಟ್ಟು ಎದ್ದು ಅಂಗಡಿಯಲ್ಲೇ ನಾಲ್ಕು ಸುತ್ತು ಹಾಕಿದ.

ಅದೇ ಭಾನುವಾರ ಕಾಕಾ ಬಸ್ಸು ಹಿಡಿದು ವಡಗಾವಿಗೆ ಬಂದರು. ಕುಣಿಯನ್ನು ನೋಡಬೇಕೆಂದರು. ಪೆಟ್ಟಿಗೆ ಎತ್ತಿಟ್ಟ ಮೇಲೆ ಅಲ್ಲಿ ಹುಸೇನಬೀಯ ಹಾಲಿನ ಪಾತ್ರೆಯೊಂದೇ ಇತ್ತು. ಅಂಚಿನಲ್ಲಿ ನಿಂತು ಕಾಕಾ ಅದನ್ನು ಬಗ್ಗಿ ನೋಡಿದರು. ಆಮೇಲೆ ಚೀಲದಿಂದ ಹೊದಿಕೆ ತೆಗೆದು ಹುಸೇನಬೀಯ ಕೈಗೆ ಕೊಟ್ಟರು. ಟ್ರಂಕಿನಲ್ಲಿಟ್ಟರೆ ನುಸಿ ತಿನ್ನುತ್ತದೆ, ಹಾಲಿನ ಮೇಲೆ ಹಾಕಿಕೊಳ್ಳಿ, ಧೂಳು ಬೀಳುವುದಿಲ್ಲ ಎಂದರು.

ನಲವತ್ತು ವರ್ಷ ನೇಕಾರನ ಜೊತೆ ಬಾಳಿದವಳು ಹುಸೇನಬೀ. ಹೊದಿಕೆಯನ್ನು ಬೆಳಕಿಗೆ ಹಿಡಿದು, ತಿರುವಿ ಹಾಕಿ, ಗಂಟುಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು.

“ಭಾಳ ಚಲೋ ಕೈ ಇತ್ರಿ ಅವರದು,” ಎಂದಳು. “ಒಂದ ಗಂಟೂ ಅವಸರದ್ದಿಲ್ಲ.”

ಕಾಕಾ ಹೌದೆಂದು ತಲೆಯಾಡಿಸಿ, ಮಹೇಕ ತಂದುಕೊಟ್ಟ ಚಹಾವನ್ನು ತಳ ಕಾಣುವವರೆಗೆ ಕುಡಿದು, ಮೂರರ ಬಸ್ಸಿಗೆ ಹೊರಟರು. ಹುಸೇನಬೀ ಹೊದಿಕೆಯನ್ನು ಎರಡು ಮಡಿಕೆ ಮಾಡಿ ಹಾಲಿನ ಪಾತ್ರೆಗೆ ಹೊದಿಸಿದಳು. ಮಳೆ ಜಡಿಯುತ್ತಿತ್ತು. ಈ ಹವಾದಲ್ಲಿ ಹಾಲು ಎಲ್ಲಿಟ್ಟರೂ ಒಡೆಯುವುದಿಲ್ಲ ಎಂದು ಮಹೇಕ ಹೇಳಿದರೂ, ಸಂಜೆಯೊಳಗೆ ಆತಿಫ ಮೂರು ಸಲ ಕುಣಿಗಿಳಿದು ಹೊದಿಕೆ ಎತ್ತಿ ನೋಡಿದ. ಹಾಲು ಒಡೆದಿರಲಿಲ್ಲ. ಮೂರು ಸಲವೂ ಅಂಚಿನ ಮಣಿಗಳನ್ನು ಸಮಮಾಡಿ ಹೊದಿಸಿ ಮೇಲೆ ಬಂದ.